‘ಅಡಗೇತಿ, ಹೋಗಿಲ್ಲ’: ರೋಣ ತಾಲ್ಲೂಕಿನ ಒಂದು ಮಗುವಿನ ಪ್ರಕರಣ

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಕ್ಯಾನ್ಸರ್ ನೋಡುವ ವೈದ್ಯೆ. ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ನನ್ನ ಕೆಲಸದ ರೀತಿಯನ್ನು ಜಾಸ್ತಿ ಬದಲಿಸಿದ್ದು ಯಾವುದೋ ಹೊಸ ಔಷಧ ಅಲ್ಲ, ಒಂದು ಮಗು ಒಂಬತ್ತು ವಾರ ಔಷಧ ತಪ್ಪಿಸಿಕೊಂಡ ಈ ಪ್ರಕರಣ. ಮಗುವಿನ ಹೆಸರು, ಊರು ಇಲ್ಲಿ ಹಾಕಿಲ್ಲ. ಬರೆಯುವುದಕ್ಕೆ ತಾಯಿಯ ಒಪ್ಪಿಗೆ ಇದೆ. ‘ಬರೀರಿ, ಮತ್ತೊಬ್ಬರಿಗೆ ಹಿಂಗ ಆಗಬಾರದು’ ಅಂತ ಅವರೇ ಹೇಳಿದರು.

2021ರ ನವೆಂಬರ್. ರೋಣ ತಾಲ್ಲೂಕಿನ ಒಂದು ಹಳ್ಳಿಯಿಂದ ಆರು ವರ್ಷದ ಹುಡುಗಿಯನ್ನು ತಂದೆ ಹೆಗಲ ಮೇಲೆ ಹೊತ್ತುಕೊಂಡು ಬಂದರು. ಊರಿಂದ ರೋಣ, ರೋಣದಿಂದ ಗದಗ, ಗದಗಿನಿಂದ ಹುಬ್ಬಳ್ಳಿ, ಮೂರು ಬಸ್ಸು. ‘ಕಾಲು ಬ್ಯಾನಿ ಅಂತಾಳ್ರಿ, ನಡ್ಯಾಕ ಒಲ್ಲೆ ಅಂತಾಳ’ ಎಂದರು. ತಿಂಗಳಿಂದ ಬಿಟ್ಟು ಬಿಟ್ಟು ಜ್ವರ. ಮೊದಲು ಟೈಫಾಯ್ಡ್ ಅಂದಿದ್ದರು, ಆಮೇಲೆ ರಕ್ತ ಕಡಿಮೆ ಅಂತ ಟಾನಿಕ್ ಕೊಟ್ಟಿದ್ದರು, ಆಮೇಲೆ ಇನ್ನೊಂದು ಕಡೆ ಕೀಲುನೋವು ಅಂತ ಐದು ದಿನ ಸ್ಟೀರಾಯ್ಡ್ ಗುಳಿಗೆ ಕೊಟ್ಟಿದ್ದರು. ಅದನ್ನು ತಿಂದ ವಾರ ಹುಡುಗಿ ಎದ್ದು ಓಡಾಡಿದ್ದಳು. ಮುಂದಿನ ವಾರ ಮತ್ತೆ ಮಲಗಿದಳು.

ಈ ಸ್ಟೀರಾಯ್ಡ್ ವಿಷಯ ಸ್ವಲ್ಪ ನಿಂತು ಹೇಳಬೇಕು. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಅಂದರೆ ರಕ್ತದ ಕ್ಯಾನ್ಸರ್, ಅದರಲ್ಲೂ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಎಎಲ್‌ಎಲ್ ಎಂಬ ಬಗೆ. ಅದರ ಚಿಕಿತ್ಸೆಯಲ್ಲಿ ಮೊದಲ ದಿನದಿಂದ ಕೊಡುವ ಔಷಧಗಳಲ್ಲಿ ಸ್ಟೀರಾಯ್ಡ್ ಒಂದು. ಹಾಗಾಗಿ ಕಾಯಿಲೆ ಯಾವುದೆಂದು ಗೊತ್ತಾಗುವ ಮೊದಲೇ ಅದನ್ನು ಕೊಟ್ಟರೆ ಕ್ಯಾನ್ಸರ್ ಜೀವಕೋಶಗಳು ಒಂದಿಷ್ಟು ಸಾಯುತ್ತವೆ, ಜ್ವರ ಇಳಿಯುತ್ತದೆ, ಕಾಲುನೋವು ಹೋಗುತ್ತದೆ, ರಕ್ತ ಪರೀಕ್ಷೆಯೂ ದಾರಿ ತಪ್ಪಿಸಬಹುದು. ಕಾಯಿಲೆ ಮಾತ್ರ ಹೋಗಿರುವುದಿಲ್ಲ. ಮಗು ಬಿಳಿಚಿಕೊಂಡಿದೆ, ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆ ಎದ್ದಿವೆ, ಎಲುಬು ನೋವು ಅಂತ ನಡೆಯುತ್ತಿಲ್ಲ ಅಂದರೆ ಸ್ಟೀರಾಯ್ಡ್ ಬರೆಯುವ ಮೊದಲು ಒಂದು ಪೂರ್ತಿ ರಕ್ತ ಎಣಿಕೆ ಮಾಡಿಸಿ, ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಕೂತು ದಿನಕ್ಕೆ ನೂರು ಮಕ್ಕಳನ್ನು ನೋಡುವ ವೈದ್ಯರಲ್ಲಿ ನನ್ನ ಬೇಡಿಕೆ ಇದೊಂದೇ.

ಈ ಹುಡುಗಿಯ ಹಿಮೋಗ್ಲೋಬಿನ್ 5.2 ಇತ್ತು, ಪ್ಲೇಟ್‌ಲೆಟ್ 18,000, ಎರಡೂ ತೀರಾ ಕಡಿಮೆ. ಬಿಳಿ ರಕ್ತಕಣ 42,000, ತೀರಾ ಹೆಚ್ಚು. ಲೇಪದ ತುಂಬ ಎಳೆಯ ಕ್ಯಾನ್ಸರ್ ಕೋಶಗಳು. ಮೂಳೆಮಜ್ಜೆ ಪರೀಕ್ಷೆಯಲ್ಲಿ ಬಿ ಬಗೆಯ ಎಎಲ್‌ಎಲ್ ಎಂದು ಖಚಿತವಾಯಿತು. ಬೆನ್ನುಹುರಿಯ ನೀರಿನಲ್ಲಿ ಏನೂ ಇರಲಿಲ್ಲ. ಮನೆಯವರ ಹತ್ತಿರ ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಹಾಗಾಗಿ ಔಷಧದ ದುಡ್ಡಿಗೆ ತೊಂದರೆ ಆಗಲಿಲ್ಲ. ಅಂದರೆ, ಆಗಲಿಲ್ಲ ಅಂತ ನಾನು ಅಂದುಕೊಂಡಿದ್ದೆ.

ಮೊದಲ ಐದು ವಾರ ಕಷ್ಟದವು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಡಾನೊರುಬಿಸಿನ್, ಜೊತೆಗೆ ಬೆನ್ನಿನಲ್ಲಿ ಮೆಥೊಟ್ರೆಕ್ಸೇಟ್. ಎರಡನೇ ವಾರದ ಹೊತ್ತಿಗೆ ಸ್ಟೀರಾಯ್ಡ್‌ನಿಂದ ಮುಖ ಉಬ್ಬಿತು, ರಾತ್ರಿ ಎರಡು ಗಂಟೆಗೆ ಎದ್ದು ರೊಟ್ಟಿ ಕೇಳುತ್ತಿದ್ದಳು. ಮೂರನೇ ವಾರ ಜ್ವರ ಬಂತು, ಬಿಳಿ ಕಣ ನೆಲಕಚ್ಚಿತ್ತು, ಎರಡು ದಿನ ನಮಗೆ ನಿದ್ದೆ ಇರಲಿಲ್ಲ. ಆಮೇಲೆ ಚೇತರಿಸಿಕೊಂಡಳು. 35ನೇ ದಿನ ಮತ್ತೆ ಮೂಳೆಮಜ್ಜೆ ನೋಡಿದೆವು. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶ ಇಲ್ಲ. ಅದಕ್ಕಿಂತ ಚುರುಕಾದ, ಅಳಿದುಳಿದ ಕ್ಯಾನ್ಸರ್ ಕೋಶ ಹುಡುಕುವ ಎಂಆರ್‌ಡಿ ಪರೀಕ್ಷೆಯಲ್ಲೂ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಇದಕ್ಕಿಂತ ಒಳ್ಳೆಯ ಸುದ್ದಿ ಆ ಹಂತದಲ್ಲಿ ಇರುವುದಿಲ್ಲ.

ನಾನು ವಾರ್ಡಿಗೆ ಹೋಗಿ, ತಾಯಿಯ ಕೈ ಹಿಡಿದುಕೊಂಡು, ‘ನೋಡ್ರಿ, ಮಗಳು ಆರಾಮ ಆಗ್ಯಾಳ’ ಅಂದೆ.

ಆಮೇಲೆ ಏನೇನೋ ಹೇಳಿದೆ. ಇನ್ನೂ ಎರಡು ವರ್ಷಕ್ಕೂ ಹೆಚ್ಚು ಔಷಧ ಬೇಕು, ಒಂದು ದಿನವೂ ಬಿಡಬಾರದು, ಜ್ವರ ಬಂದರೆ ತಕ್ಷಣ ಬರಬೇಕು, ಎಲ್ಲ ಹೇಳಿದೆ. ಫೈಲಿನಲ್ಲಿ ‘ಪೋಷಕರಿಗೆ ವಿವರಿಸಲಾಗಿದೆ’ ಎಂದು ಬರೆದೆ. ಆದರೆ ತಾಯಿ ಕೇಳಿಸಿಕೊಂಡದ್ದು ಆ ಮೊದಲ ಮಾತು. ಅಳುತ್ತಾ ಗಂಡನಿಗೆ ಫೋನ್ ಹಚ್ಚಿ ಅದನ್ನೇ ಹೇಳಿದರು. ಊರಿಗೆಲ್ಲ ಅದೇ ಮಾತು ಹೋಯಿತು.

ನಮ್ಮ ಕಡೆ ‘ಆರಾಮ’ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ದಾರಿಯಲ್ಲಿ ಸಿಕ್ಕವರನ್ನು ‘ಆರಾಮ ಇದ್ದೀರಿ?’ ಅಂತ ಕೇಳುತ್ತೇವೆ. ಜ್ವರ ಬಿಟ್ಟರೆ ಆರಾಮ ಆಯ್ತು. ಅಲ್ಲಿಗೆ ಮುಗಿಯಿತು. ಪರೀಕ್ಷೆಯಲ್ಲಿ ಕಾಯಿಲೆ ಕಾಣದ, ಇಂಗ್ಲಿಷಿನಲ್ಲಿ ನಾವು ವೈದ್ಯರು ‘ರೆಮಿಷನ್’ ಅನ್ನುವ ಸ್ಥಿತಿಗೆ ಮನೆಮಾತಿನಲ್ಲಿ ಹೆಸರಿಲ್ಲ, ಹೆಸರಿಲ್ಲದ ಕಡೆ ನಾನು ಅವಸರದಲ್ಲಿ ‘ಆರಾಮ’ ತಂದು ಇಟ್ಟೆ. ನಾನು ಧಾರವಾಡದಲ್ಲೇ ಹುಟ್ಟಿ ಬೆಳೆದವಳು. ಆ ಮಾತಿನ ತೂಕ ನನಗೆ ಗೊತ್ತಿರಬೇಕಿತ್ತು.

ಲೆಕ್ಕ ಹೇಳುತ್ತೇನೆ. ಎಎಲ್‌ಎಲ್ ಪತ್ತೆಯಾದ ದಿನ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶ ಇರುತ್ತವೆ. ಐದು ವಾರದ ನಂತರ ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಸ್ವಚ್ಛ ಕಂಡಾಗಲೂ ಸಾವಿರ ಕೋಟಿಯಷ್ಟು ಉಳಿದಿರಬಹುದು. ಎಂಆರ್‌ಡಿಯಲ್ಲೂ ಕಾಣದಿದ್ದರೆ ಇನ್ನೂ ಕಡಿಮೆ, ಆದರೂ ಹತ್ತು ಕೋಟಿಯವರೆಗೆ ಇರುವುದಕ್ಕೆ ಸಾಧ್ಯ. ಕಾಣುವುದಿಲ್ಲ ಅಷ್ಟೇ. ಮುಂದಿನ ಎರಡು ವರ್ಷದ ಗುಳಿಗೆ ಇರುವುದು ಈ ಕಾಣದ ಕೋಟಿಗಳಿಗೆ.

ಇದನ್ನು ವೈದ್ಯಲೋಕ ಕಲಿತದ್ದೂ ಮಕ್ಕಳನ್ನು ಕಳೆದುಕೊಂಡೇ. 1948ರಲ್ಲಿ ಬೋಸ್ಟನ್‌ನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟದ್ದನ್ನು ವರದಿ ಮಾಡಿದರು. ಆ ಔಷಧ ತಯಾರಾದದ್ದು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಅದರ ಹಿಂದಿನ ಎಳೆ ಇನ್ನೂ ಹತ್ತಿರದ್ದು. 1928ರ ನಂತರ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಯ ಬಡ ಗರ್ಭಿಣಿಯರ ರಕ್ತಹೀನತೆಗೆ ಕಾರಣ ಹುಡುಕುತ್ತಾ ಹೋದ ಆ ದಾರಿಯಲ್ಲೇ ಮುಂದೆ ಫೋಲೇಟ್ ಎಂಬ ಜೀವಸತ್ವ ಸಿಕ್ಕಿತು, ಆ ಫೋಲೇಟ್‌ಗೆ ಅಡ್ಡ ನಿಲ್ಲುವ ಔಷಧವೇ ಅಮಿನೊಪ್ಟೆರಿನ್. ಫಾರ್ಬರ್ ಅವರ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಅದುವರೆಗೆ ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಔಷಧದಿಂದ ಅಂಥ ಚೇತರಿಕೆ ಯಾರೂ ನೋಡಿರಲಿಲ್ಲ. ಆದರೆ ಅದು ಕೆಲವು ತಿಂಗಳ ಚೇತರಿಕೆ, ಕಾಯಿಲೆ ತಿರುಗಿ ಬಂತು. ಫಾರ್ಬರ್ ತಮ್ಮ ವರದಿಯ ತಲೆಬರಹದಲ್ಲೇ ‘ತಾತ್ಕಾಲಿಕ’ ಎಂದು ಬರೆದಿದ್ದರು. ಬರೆಯುವಾಗ ಅವರಿಗಿದ್ದ ಎಚ್ಚರ ಆ ದಿನ ವಾರ್ಡಿನಲ್ಲಿ ನನಗಿರಲಿಲ್ಲ.

ಗುಣ ಆಗುವ ಮಾತು ಬಂದದ್ದು ಆಮೇಲೆ. 1962ರಲ್ಲಿ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಆಸ್ಪತ್ರೆ ತೆರೆದಾಗ ಡೊನಾಲ್ಡ್ ಪಿಂಕೆಲ್ ಅದರ ಮೊದಲ ನಿರ್ದೇಶಕರಾದರು. ಅವರು ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟರು, ಮೆದುಳು ಬೆನ್ನುಹುರಿಯಲ್ಲಿ ಅವಿತ ಕೋಶಗಳಿಗೂ ಚಿಕಿತ್ಸೆ ಮಾಡಿದರು, ಮಗು ಚೆನ್ನಾಗಿ ಕಂಡ ಮೇಲೂ ವರ್ಷಗಟ್ಟಲೆ ಔಷಧ ನಿಲ್ಲಿಸಲಿಲ್ಲ. ಆ ದಶಕದ ಕೊನೆಗೆ ಸುಮಾರು ಅರ್ಧದಷ್ಟು ಮಕ್ಕಳು ಉಳಿಯತೊಡಗಿದರು. ಇವತ್ತು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ನಮ್ಮ ಹುಡುಗಿಗೆ ಕೊಡುತ್ತಿದ್ದ ಗುಳಿಗೆಗಳು ಹೊಸವೇನಲ್ಲ. ಮೆರ್‌ಕ್ಯಾಪ್ಟೊಪ್ಯೂರಿನ್ 1953ರಿಂದ ಬಳಕೆಯಲ್ಲಿದೆ. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಷ್ಟು ಹಳೆಯ, ಅಷ್ಟು ಅಗ್ಗದ ಗುಳಿಗೆ. ಅದು ಗದಗಿನ ಬಸ್ ಸ್ಟ್ಯಾಂಡ್ ದಾಟಿ ಒಂದು ಹಳ್ಳಿಯ ಮನೆಯ ಮಾಡದಲ್ಲಿ ಎರಡು ವರ್ಷ ತಪ್ಪದೆ ಸಿಗಬೇಕು, ತಪ್ಪದೆ ಹೊಟ್ಟೆಗೆ ಹೋಗಬೇಕು.

2022ರ ಆಗಸ್ಟ್‌ವರೆಗೆ ಬಲವಾದ ಚಿಕಿತ್ಸೆಯ ಹಂತಗಳು ನಡೆದವು. ಆ ಒಂಬತ್ತು ತಿಂಗಳು ಮನೆಯವರು ಒಂದು ದಿನವೂ ತಪ್ಪಿಸಲಿಲ್ಲ. ಹುಡುಗಿಯ ತಲೆ ಬೋಳಾಗಿತ್ತು, ವಾಂತಿ ಇತ್ತು, ನೋಡಿದರೇ ರೋಗಿ ಅಂತ ಗೊತ್ತಾಗುತ್ತಿತ್ತು. ಆಮೇಲೆ ನಿರ್ವಹಣಾ ಹಂತ ಶುರುವಾಯಿತು. ದಿನಾ ಮೆರ್‌ಕ್ಯಾಪ್ಟೊಪ್ಯೂರಿನ್, ವಾರಕ್ಕೆ ಒಂದೇ ಸಲ ಮೆಥೊಟ್ರೆಕ್ಸೇಟ್ ಆರು ಗುಳಿಗೆ, ತಿಂಗಳಿಗೊಮ್ಮೆ ಹುಬ್ಬಳ್ಳಿ. ಕೂದಲು ಬಂತು. ಶಾಲೆಗೆ ಹೋದಳು. ಈಗ ಲೆಕ್ಕ ತಿರುಗಿತು: ಗುಳಿಗೆ ಬಿಟ್ಟ ದಿನ ಮಗು ಲವಲವಿಕೆಯಿಂದ ಇರುತ್ತದೆ, ಗುಳಿಗೆ ತಿಂದ ದಿನ ವಾಕರಿಸುತ್ತದೆ. ತಾಯಿಯ ಕಣ್ಣಿಗೆ ಔಷಧವೇ ಕಾಯಿಲೆ ಆಯಿತು. 35ನೇ ದಿನ ವಾರ್ಡಿನಲ್ಲಿ ನಾನು ಆಡಿದ ಮಾತು ಫಲ ಕೊಟ್ಟದ್ದು ಆಗ.

ಅಕ್ಟೋಬರ್ 6ಕ್ಕೆ ಬಂದು ಒಂದು ತಿಂಗಳ ಗುಳಿಗೆ ಒಯ್ದರು. ನವೆಂಬರ್ 3ಕ್ಕೆ ಬರಬೇಕಿತ್ತು. ಬರಲಿಲ್ಲ.

ನನಗೆ ಇದು ಗೊತ್ತಾದದ್ದು ಡಿಸೆಂಬರ್ 20ಕ್ಕೆ! ಅದೂ ಒಬ್ಬ ನರ್ಸ್ ‘ಮೇಡಂ, ಆ ರೋಣದ ಕೂಸು ಬಂದೇ ಇಲ್ಲಲ್ಲ’ ಅಂದದ್ದಕ್ಕೆ. ನಮ್ಮ ವಿಭಾಗದಲ್ಲಿ ಬಂದವರ ರಿಜಿಸ್ಟರ್ ಇತ್ತು, ಒಂದೊಂದು ಹೆಸರೂ ಅಚ್ಚುಕಟ್ಟಾಗಿ ಬರೆದಿರುತ್ತಿದ್ದೆವು. ಬಾರದವರ ರಿಜಿಸ್ಟರ್ ಇರಲಿಲ್ಲ. ನಾಲ್ಕು ವಾರ ಸತತವಾಗಿ ಚಿಕಿತ್ಸೆ ತಪ್ಪಿದರೆ ಅದನ್ನು ಚಿಕಿತ್ಸೆ ಕೈಬಿಟ್ಟಂತೆ ಎಂದು ಜಗತ್ತಿನ ಮಕ್ಕಳ ಕ್ಯಾನ್ಸರ್ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅಷ್ಟು ದಿನ ದಾಟಿ ಹೋಗಿತ್ತು, ನಾನು ಗಮನಿಸಿರಲಿಲ್ಲ. ಹೊಸ ಮಗುವಿನ ಜ್ವರ, ಇನ್ನೊಂದು ಮಗುವಿನ ರಕ್ತಸ್ರಾವ, ಎದುರಿಗೆ ಇರುವುದೇ ಕಣ್ಣು ತುಂಬುತ್ತದೆ. ಎದುರಿಗೆ ಇಲ್ಲದ ಮಗು ಅಳುವುದು ಕೇಳಿಸುವುದಿಲ್ಲ.

ಫೋನ್ ಮಾಡಿದರೆ ಸ್ವಿಚ್ ಆಫ್. ಸಿಟ್ಟು ಬಂತು. ಫೈಲಿನಲ್ಲಿ ‘ಪೋಷಕರ ನಿರ್ಲಕ್ಷ್ಯ’ ಎಂದು ಬರೆದೆ. ಮನಸ್ಸಿನಲ್ಲಿ ಇನ್ನೊಂದು ಮಗು ಇತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಹೀಗೇ ನಡುವೆ ಬಿಟ್ಟು, ಏಳು ತಿಂಗಳ ನಂತರ ಮಜ್ಜೆ ತುಂಬ ಕಾಯಿಲೆ ಹೊತ್ತು ತಿರುಗಿ ಬಂದಿದ್ದ. ಅವನನ್ನು ಉಳಿಸಲು ಆಗಲಿಲ್ಲ. ಅವತ್ತೂ ನಾನು ದೂರಿದ್ದು ತಂದೆತಾಯಿಯನ್ನೇ.

ಊರಿನ ಆಶಾ ಕಾರ್ಯಕರ್ತೆಯ ನಂಬರ್ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಸಿಕ್ಕಿತು. ಅವರು ಅವತ್ತೇ ಸಂಜೆ ಮನೆಗೆ ಹೋದರು. ಮನೆಯಲ್ಲಿ ಅಜ್ಜಿ ಒಬ್ಬರೇ. ಮಗ, ಸೊಸೆ, ಮೊಮ್ಮಗಳು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಹೊಸ ನಂಬರ್ ಅಜ್ಜಿಗೆ ಗೊತ್ತಿಲ್ಲ, ಆದರೆ ಬನದ ಹುಣ್ಣಿಮೆಗೆ ಬರುತ್ತಾರೆ, ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಹರಕೆ ತೀರಿಸುವುದಿದೆ ಎಂದರು. ಯಾವ ಹರಕೆ? ಮಗಳು ಆರಾಮ ಆದರೆ ಉಡಿ ತುಂಬಿಸುತ್ತೇವೆ ಅಂತ ಹೊತ್ತ ಹರಕೆ.

2023ರ ಜನವರಿ 6ಕ್ಕೆ ಹುಣ್ಣಿಮೆ. ಆಶಾ ಕಾರ್ಯಕರ್ತೆ ಎರಡು ದಿನ ಬಿಟ್ಟು ಮತ್ತೆ ಆ ಮನೆಗೆ ಹೋಗಿ, ತಮ್ಮ ಫೋನಿನಿಂದಲೇ ತಾಯಿಯನ್ನು ನನ್ನ ಜೊತೆ ಮಾತಾಡಿಸಿದರು. ಯಾಕೆ ಬಿಟ್ಟಿರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, ‘ಆರಾಮ ಆಗ್ಯಾಳ ಅಂತ ನೀವ ಅಂದ್ರಲ್ರೀ’ ಎಂದರು.

ಆ ಮಾತಿನಲ್ಲಿ ತಕರಾರು ಇರಲಿಲ್ಲ. ನಿಜವಾಗಿಯೂ ಗೊಂದಲ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಜನವರಿ 10ರಂದು ಮೂವರೂ ಬಂದರು. ಹುಡುಗಿಯ ಕೈಯಲ್ಲಿ ಜಾತ್ರೆಯ ಹಸಿರು ಬಳೆ. ಅವತ್ತು ನಾನು ಓಪಿಡಿ ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು ಒಂದು ತಾಸು ಬರೀ ಕೇಳಿದೆ. ಆಗ ದುಡ್ಡಿನ ಕಥೆಯೂ ಹೊರಗೆ ಬಂತು. ಆಸ್ಪತ್ರೆಯ ಬಿಲ್ಲು ಕಾರ್ಡಿನಲ್ಲಿ ಹೋಯಿತು, ಸರಿ. ಆದರೆ ಒಂಬತ್ತು ತಿಂಗಳು ಇಬ್ಬರಲ್ಲಿ ಒಬ್ಬರಿಗೆ ಕೂಲಿ ಇಲ್ಲ. ಬಸ್ಸು, ಊಟ, ಹೊರಗಡೆ ಮಾಡಿಸಿದ ಕೆಲವು ಪರೀಕ್ಷೆ. ಎರಡೂವರೆ ಎಕರೆ ಒಣ ಬೇಸಾಯದ ಮೇಲೆ ಬಡ್ಡಿ ಸಾಲ. ಸಾಲ ತೀರಿಸಲು ಗೋವಾ. ಮಗು ‘ಆರಾಮ’ ಇರುವಾಗ ಹೋಗದೆ ಇನ್ಯಾವಾಗ ಹೋಗಬೇಕು? ಉಳಿದಿದ್ದ ಗುಳಿಗೆಯನ್ನು ನವೆಂಬರ್ 8ರವರೆಗೆ ಕೊಟ್ಟಿದ್ದರಂತೆ, ಆಮೇಲೆ ಇಲ್ಲ. ಒಟ್ಟು ಒಂಬತ್ತು ವಾರ. ಆ ಸಂಜೆ ಫೈಲ್ ತೆಗೆದು ‘ಪೋಷಕರ ನಿರ್ಲಕ್ಷ್ಯ’ ಎಂದಿದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಏನಾಯಿತೋ ಅದನ್ನು ಬರೆದೆ.

ಪರೀಕ್ಷೆ ಮಾಡಿದೆವು. ರಕ್ತ ಎಣಿಕೆ ಸರಿ ಇತ್ತು. ಮಜ್ಜೆ ಸ್ವಚ್ಛ, ಎಂಆರ್‌ಡಿ ಕಾಣಲಿಲ್ಲ, ಬೆನ್ನಿನ ನೀರೂ ಸರಿ. ಆ ಫಲಿತಾಂಶ ಬರುವವರೆಗಿನ ಐದು ದಿನ ನಾನು ಹೇಗೆ ಕಳೆದೆ ಎಂದು ಬರೆಯಲು ಹೋಗುವುದಿಲ್ಲ. ನನಗೆ ಕಲಿಸಿದ ಹಿರಿಯರ ಜೊತೆ ಮಾತಾಡಿ, ನಿರ್ವಹಣಾ ಹಂತವನ್ನು ಮತ್ತೆ ಶುರು ಮಾಡಿದೆವು, ತಪ್ಪಿದ ವಾರಗಳನ್ನು ಕೊನೆಗೆ ಸೇರಿಸಿದೆವು. ಇದು ನಮ್ಮ ನಿಪುಣತೆಯಿಂದ ಆದದ್ದಲ್ಲ. ಆ ಮಗುವಿನ ಕಾಯಿಲೆ ಆ ಒಂಬತ್ತು ವಾರದಲ್ಲಿ ಎದ್ದೇಳಲಿಲ್ಲ, ಅಷ್ಟೇ. ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಎಂಬ ವೈದ್ಯೆ ಗುಳಿಗೆ ಬಾಟಲಿಗೆ ವಿದ್ಯುನ್ಮಾನ ಮುಚ್ಚಳ ಹಾಕಿ, ಯಾವ ದಿನ ತೆರೆದರು, ಯಾವ ದಿನ ಇಲ್ಲ ಎಂದು ದಾಖಲಿಸಿ ಅಧ್ಯಯನ ಮಾಡಿದರು. ನೂರಕ್ಕೆ 95ಕ್ಕಿಂತ ಕಡಿಮೆ ದಿನ ಮೆರ್‌ಕ್ಯಾಪ್ಟೊಪ್ಯೂರಿನ್ ತಿಂದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡಿತು. ತಿಂಗಳಿಗೆ ಎರಡು ದಿನ ತಪ್ಪಿದರೆ ಸಾಕು, ಆ ಗೆರೆಯಿಂದ ಕೆಳಗೆ ಬಂದಂತೆ.

ಈ ಪ್ರಕರಣದ ನಂತರ ನಮ್ಮಲ್ಲಿ ಬದಲಾದದ್ದರಲ್ಲಿ ದೊಡ್ಡದು ಒಂದು ಮಾತು. ‘ರೆಮಿಷನ್’ಗೆ ಏನು ಹೇಳಬೇಕು ಎಂದು ನರ್ಸ್‌ಗಳು, ನಾನು, ಕೆಲವು ತಾಯಂದಿರು ಕೂತು ಮಾತಾಡಿದೆವು. ಪುಸ್ತಕದ ‘ತಾತ್ಕಾಲಿಕ ಶಮನ’ ಯಾರಿಗೂ ತಲುಪಲಿಲ್ಲ. ‘ಕಡಿಮೆ ಆಗೇತಿ’ ಅಂದರೆ ನಮ್ಮ ಕಡೆ ಅದೂ ಗುಣ ಆದ ಹಾಗೆಯೇ. ‘ಹತೋಟಿಗೆ ಬಂದಿದೆ’ ಅಂದರೆ ಸಕ್ಕರೆ ಕಾಯಿಲೆ ನೆನಪಾಗುತ್ತದೆ, ಜೀವನಪೂರ್ತಿ ಔಷಧ ಅಂದುಕೊಳ್ಳುತ್ತಾರೆ. ಕೊನೆಗೆ ಈ ಹುಡುಗಿಯ ತಾಯಿಯೇ, ‘ಅಂದ್ರ ಎರಿ ಹೊಲದಾಗ ಕರಿಕಿ ಇದ್ದಂಗ. ಮ್ಯಾಲ ಕಾಣೂದಿಲ್ಲ, ಒಳಗ ಅಡಗಿರ್ತೇತಿ’ ಎಂದರು. ಕಪ್ಪು ಮಣ್ಣಿನ ಹೊಲದ ಗರಿಕೆ ಹುಲ್ಲಿನ ಮಾತು ಅದು. ಅಡಗುವುದು ಅಂದರೆ ತಣ್ಣಗಾಗುವುದೂ ಹೌದು, ಬಚ್ಚಿಟ್ಟುಕೊಳ್ಳುವುದೂ ಹೌದು. ನನಗೆ ಬೇಕಾದ ಎರಡೂ ಅರ್ಥ ಅದರಲ್ಲಿತ್ತು. ಅಲ್ಲಿಂದ 35ನೇ ದಿನ ನಾವೆಲ್ಲ ಹೇಳುವುದು ಒಂದೇ: ‘ಬ್ಯಾನಿ ಅಡಗೇತಿ, ಹೋಗಿಲ್ಲ.’ ಹೇಳಿ ಸುಮ್ಮನಾಗುವುದಿಲ್ಲ. ಮನೆಯಲ್ಲಿ ಹಿರಿಯರಿಗೆ ಏನಂತ ಹೇಳುತ್ತೀರಿ ಎಂದು ಕೇಳಿ, ಅವರ ಬಾಯಿಂದಲೇ ಕೇಳಿಸಿಕೊಳ್ಳುತ್ತೇವೆ. ‘ಆರಾಮ’ ಎಂಬ ಮಾತು ಬಂದರೆ ಮತ್ತೆ ಮೊದಲಿನಿಂದ.

ಬಾರದವರ ರಿಜಿಸ್ಟರ್ ಶುರುವಾಯಿತು. ದಿನಾ ಸಂಜೆ ನಾಲ್ಕಕ್ಕೆ ಒಬ್ಬ ನರ್ಸ್ ಅದನ್ನು ತೆರೆಯುತ್ತಾರೆ, ತಪ್ಪಿದವರಿಗೆ ಮರುದಿನವೇ ಫೋನ್ ಹೋಗುತ್ತದೆ. ಪ್ರತಿ ಮಗುವಿಗೆ ಮೂರು ನಂಬರ್ ಬರೆದುಕೊಳ್ಳುತ್ತೇವೆ, ಒಂದು ಊರಿನ ಆಶಾ ಅವರದ್ದು. ಕೆಲಸಕ್ಕೆ ವಲಸೆ ಹೋಗುತ್ತೀರಾ, ಯಾವ ತಿಂಗಳು, ಯಾವ ಊರು ಎಂದು ಮೊದಲ ದಿನವೇ ಕೇಳುತ್ತೇವೆ. ಹೋಗಬೇಡಿ ಎನ್ನುವುದಿಲ್ಲ, ಯಾಕೆಂದರೆ ಸಾಲ ನಾವು ತೀರಿಸುವುದಿಲ್ಲ. ಹೋಗುವ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಲು ಚೀಟಿ, ಎರಡು ತಿಂಗಳ ಗುಳಿಗೆ, ಫೋಟೊ ಹಾಕಿದ ಕ್ಯಾಲೆಂಡರ್ ಕೊಡುತ್ತೇವೆ. ವಾರದ ಮೆಥೊಟ್ರೆಕ್ಸೇಟ್ ಬಗ್ಗೆ ನನಗೆ ಭಯ ಜಾಸ್ತಿ, ಅದನ್ನು ತಪ್ಪಿ ದಿನಾ ಕೊಟ್ಟರೆ ಮಗುವಿನ ಜೀವಕ್ಕೆ ಕುತ್ತು. ಹಾಗಾಗಿ ಅದನ್ನು ಆಯಾ ಊರಿನ ಸಂತೆಯ ದಿನಕ್ಕೆ ಕಟ್ಟಿದ್ದೇವೆ. ಸಂತೆ ವಾರಕ್ಕೊಂದೇ ಸಲ ಅನ್ನುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿ ಮಗಳು ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಬರತೊಡಗಿದರು. ತಂದೆ ಗೋವಾದಲ್ಲೇ ಉಳಿದು ದುಡಿದರು. ಆಮೇಲೆ ಒಂದು ಭೇಟಿಯೂ ತಪ್ಪಲಿಲ್ಲ. 2024ರ ಆಗಸ್ಟ್‌ನಲ್ಲಿ ಕೊನೆಯ ಗುಳಿಗೆ. ಈಗ ತಪಾಸಣೆಗೆ ಮಾತ್ರ ಬರುತ್ತಾಳೆ. ರಕ್ತ ನೋಡುತ್ತೇವೆ, ಡಾನೊರುಬಿಸಿನ್ ಹೃದಯಕ್ಕೆ ತೊಂದರೆ ಕೊಡಬಹುದಾದ್ದರಿಂದ ಆಗಾಗ ಎಕೊ ಮಾಡಿಸುತ್ತೇವೆ. ಎತ್ತರ ಬೆಳೆದಿದ್ದಾಳೆ. ಗಣಿತ ಅಂದರೆ ಇಷ್ಟವಂತೆ. ಹೋದ ಸಲ ತಾಯಿ, ‘ಈಗರೆ ಆರಾಮ ಅನ್ನಬಹುದೇನ್ರಿ?’ ಎಂದು ಕೇಳಿದರು. ಔಷಧ ನಿಂತು ಐದು ವರ್ಷ ತುಂಬಲಿ, ಆ ಮಾತನ್ನು ನಾನೇ ನಿಮ್ಮ ಮನೆಗೆ ಬಂದು ಹೇಳುತ್ತೇನೆ ಅಂದೆ.

ಇವತ್ತು ಸಂಜೆ ಬಾರದವರ ರಿಜಿಸ್ಟರಿನಲ್ಲಿ ಎರಡು ಹೆಸರಿದ್ದವು. ಒಂದು ಮಗುವಿಗೆ ನೆಗಡಿ, ನಾಳೆ ಬರುತ್ತಾರೆ. ಇನ್ನೊಂದು ಶಿರಹಟ್ಟಿ ಕಡೆಯ ನಾಲ್ಕು ವರ್ಷದ ಹುಡುಗ, ಮೂರು ನಂಬರಿನಲ್ಲಿ ಎರಡು ಸ್ವಿಚ್ ಆಫ್. ಮೂರನೆಯದು ಆಶಾ ಅವರದ್ದು, ಬೆಳಿಗ್ಗೆ ಎಂಟಕ್ಕೆ ಮಾಡಿ ಅಂದಿದ್ದಾರೆ.